ಶಾಸನದ ಹುಣ್ಣಿಮೆಗೆ ಬಂದ ಬೀಗರು

ಕೆಲವರಿಗೆ ನಿದ್ದೆಯಲ್ಲಿ ಎದ್ದು ನಡೆಯುವ ಅಭ್ಯಾಸವಿರುತ್ತದೆ. ನನಗೆ ಎಚ್ಚರವಿದ್ದಾಗಲೇ ತಾರೀಖುಗಳೊಳಗೆ ನಡೆದುಹೋಗುವ ಅಭ್ಯಾಸ. ಬೆಳಿಗ್ಗೆ ಎದ್ದು ಗೋಡೆಯ ಕ್ಯಾಲೆಂಡರಿನ ಕಡೆ ಒಮ್ಮೆ ಕಣ್ಣು ಹಾಯಿಸಿದೆನೆಂದರೆ ಮುಗಿಯಿತು, ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿರುತ್ತದೆ, ನಾನು ಮಾತ್ರ ಇನ್ನೆಲ್ಲೋ ಇರುತ್ತೇನೆ. ಇದೇ ತಾರೀಖಿನಂದು ಬೇರೆ ಬೇರೆ ವರ್ಷಗಳಲ್ಲಿ ಯಾವ ಯಾವ ದೇಶದಲ್ಲಿ ಏನೇನು ನಡೆಯಿತೋ ಅದೆಲ್ಲ ಈಗ ಒಟ್ಟಿಗೇ ನಡೆಯುತ್ತಿದೆಯೇನೋ ಅನ್ನಿಸತೊಡಗುತ್ತದೆ. ಒಂದು ಕಡೆ ಯಾರೋ ಪಟ್ಟ ಏರುತ್ತಿರುತ್ತಾರೆ, ಇನ್ನೊಂದು ಕಡೆ ಯಾರೋ ಹಡಗು ಹತ್ತುತ್ತಿರುತ್ತಾರೆ, ಮತ್ತೆಲ್ಲೋ ಭೂಮಿ ನಡುಗುತ್ತಿರುತ್ತದೆ. ಇಷ್ಟೆಲ್ಲದರ ನಡುವೆ ನನ್ನ ಹೆಂಡತಿ ಗಿರಿಜಾ, ಗ್ಯಾಸ್ ಸಿಲಿಂಡರಿನವನು ಬಂದು ಹೋದನೆಂದೂ, ನಾನು ಬಾಗಿಲಲ್ಲೇ ನಿಂತಿದ್ದು ಅವನಿಗೆ ನಮಸ್ಕಾರ ಮಾಡಿ ಕಳಿಸಿಬಿಟ್ಟೆನೆಂದೂ ಹೇಳುತ್ತಿರುತ್ತಾಳೆ. ಇರಬಹುದು. ಅವತ್ತು ಯಾವನೋ ರಾಯಭಾರಿ ಯಾವುದೋ ಅರಮನೆಗೆ ಬಂದ ದಿನವಾಗಿದ್ದಿರಬೇಕು.

ಈ ರೋಗಕ್ಕೆ ನನ್ನ ನೌಕರಿಯೇ ಗೊಬ್ಬರ ಹಾಕಿತು. ನಾನಿರುವುದು ಇಳಕಲ್ಲಿನಲ್ಲಿ. ಹುನಗುಂದದ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ. ಹಿಂದೆ ಇದ್ದ ಪ್ರಿನ್ಸಿಪಾಲರೊಬ್ಬರು ಮೆಟ್ಟಿಲ ಬಳಿಯ ಕಪ್ಪುಹಲಗೆ ಖಾಲಿ ಬಿದ್ದಿರುವುದನ್ನು ನೋಡಲಾರದೆ, ದಿನಾಲೂ ಅದರ ಮೇಲೆ 'ಈ ದಿನದ ವಿಶೇಷ' ಬರೆಯಬೇಕೆಂದು ಅಪ್ಪಣೆ ಮಾಡಿದರು. ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಕೆಲಸ ನನ್ನ ಕೊರಳಿಗೆ ಬಿತ್ತು. ಪ್ರಿನ್ಸಿಪಾಲರು ವರ್ಗವಾಗಿ ಹೋದರು, ಕೆಲಸ ಉಳಿಯಿತು. ಅದನ್ನು ಯಾರಾದರೂ ಓದುತ್ತಾರೆಯೇ ಎಂದು ಮಾತ್ರ ಕೇಳಬೇಡಿ. ಹುಡುಗರು ಅದರ ಎದುರು ನಿಲ್ಲುವುದು ನಿಜ, ಆದರೆ ಅಲ್ಲಿ ಫೋನಿಗೆ ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಎಂಬುದು ಇನ್ನೂ ದೊಡ್ಡ ನಿಜ. ನನಗಂತೂ ಬೇಸರವಿಲ್ಲ. ಅಮೆರಿಕದ ಎರಡನೆಯ ಅಧ್ಯಕ್ಷರೂ ಮೂರನೆಯ ಅಧ್ಯಕ್ಷರೂ ಒಂದೇ ದಿನ ತೀರಿಕೊಂಡರು, ಅದೂ ಅವರ ಸ್ವಾತಂತ್ರ್ಯದ ಐವತ್ತನೆಯ ವರ್ಷದ ಹಬ್ಬದ ದಿನವೇ, ಎಂದು ಬರೆದ ಬೆಳಿಗ್ಗೆ ನಾನು ಚಹಾ ಕುಡಿಯುವುದನ್ನೂ ಮರೆತು ಕೂತಿದ್ದೆ. ಒಂದು ಕಾಲಕ್ಕೆ ಗೆಳೆಯರು, ಆಮೇಲೆ ಜಗಳ, ಆಮೇಲೆ ಮತ್ತೆ ಪತ್ರ ಬರೆದು ರಾಜಿಯಾದ ಮುದುಕರು. ಇಬ್ಬರೂ ಒಂದೇ ಬಸ್ಸು ಹಿಡಿದ ಹಾಗೆ ಹೋಗಿಬಿಟ್ಟರಲ್ಲ ಎಂದು ಕಣ್ಣು ತುಂಬಿ ಬಂತು. ಪಕ್ಕದ ಮೇಜಿನ ನದಾಫ್ ಸಾಹೇಬರು, ಮನೆಯಲ್ಲಿ ಎಲ್ಲ ಆರಾಮವೇ ಎಂದು ಕೇಳಿದರು. ನಾನು ವಿಷಯ ಹೇಳಿದೆ. ಅವರು ತಮ್ಮ ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿಕೊಂಡರು.

ಒಂದೇ ತಾರೀಖು ಅಂದಮಾತ್ರಕ್ಕೆ ಒಂದೇ ದಿನ ಎಂದು ಹೇಳಲಾಗುವುದಿಲ್ಲ ಎಂಬ ಸೂಕ್ಷ್ಮವೂ ನನಗೆ ಗೊತ್ತಿಲ್ಲದ್ದೇನಲ್ಲ. ಇಂಗ್ಲೆಂಡಿನ ಮಹಾ ನಾಟಕಕಾರನೂ ಸ್ಪೇನಿನ ಮಹಾ ಕಾದಂಬರಿಕಾರನೂ ಒಂದೇ ವರ್ಷದ ಏಪ್ರಿಲ್ ಇಪ್ಪತ್ಮೂರರಂದು ತೀರಿಕೊಂಡರೆಂದು ಜಗತ್ತೆಲ್ಲ ಹೇಳುತ್ತದೆ. ಆದರೆ ಆಗ ಎರಡೂ ದೇಶಗಳ ಪಂಚಾಂಗ ಬೇರೆ ಬೇರೆ ಇದ್ದವು, ಆದ್ದರಿಂದ ತಾರೀಖು ಒಂದೇ ಆದರೂ ದಿನ ಬೇರೆ. ಈ ಸಂಗತಿಯನ್ನು ನಾನು ಎಷ್ಟೋ ಜನರಿಗೆ ತಡೆದು ನಿಲ್ಲಿಸಿ ಹೇಳಿದ್ದೇನೆ. ಗಿರಿಜಾಗೂ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ. ನಮ್ಮ ಮನೆಯಲ್ಲೂ ಹಾಗೆಯೇ ಅಲ್ಲವೇ ಎಂದು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು. ಅದು ಖರೆ. ಗಿರಿಜಾಳ ಲೆಕ್ಕದಲ್ಲಿ ಇದುವರೆಗೆ ಯಾವ ಘಟನೆಯೂ ತಾರೀಖಿನಂದು ನಡೆದಿಲ್ಲ. ನಮ್ಮ ಮದುವೆ ಕಾರಹುಣ್ಣಿಮೆ ಇನ್ನು ಎರಡು ದಿನ ಇದ್ದಾಗ ಆದದ್ದು, ಮಗಳು ಹುಟ್ಟಿದ್ದು ನಾಗರಪಂಚಮಿಯ ಉಂಡಿ ಕಟ್ಟುವಾಗ, ನಾನು ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡದ್ದು ಶೀಗಿ ಹುಣ್ಣಿಮೆಯ ಸಂಜೆ. ಹೀಗೆ ಒಂದೇ ಸೂರಿನ ಕೆಳಗೆ ಎರಡು ದೇಶ, ಎರಡು ಪಂಚಾಂಗ. ಯುದ್ಧವಿಲ್ಲದೆ ಇಷ್ಟು ವರ್ಷ ನಡೆದುಕೊಂಡು ಬಂದಿತ್ತು. ಹೋದ ನವೆಂಬರಿನಲ್ಲಿ ಮಾತ್ರ ಗಡಿ ತಂಟೆ ಎದ್ದಿತು, ಅದರಲ್ಲಿ ಮಗಳ ಮದುವೆಯೇ ಸಿಕ್ಕಿಕೊಳ್ಳುವುದರಲ್ಲಿತ್ತು.

ಮೊದಲು ಮಗಳ ವಿಷಯ ಹೇಳಿಬಿಡುತ್ತೇನೆ. ಅಕ್ಷತಾ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಅವಳಿಗೆ ಗುಳೇದಗುಡ್ಡದ ಸಂಬಂಧ ಕೂಡಿ ಬಂದು, ನಿಶ್ಚಯವಾಗಿ, ಮದುವೆಯನ್ನು ಬೇಸಿಗೆಗೆ ಇಟ್ಟುಕೊಂಡಿದ್ದೆವು. ಹುಡುಗನ ತಾಯಿ ನೀಲಮ್ಮ, ಮನೆಯಲ್ಲೇ ಮಗ್ಗ ಇಟ್ಟುಕೊಂಡು ಕುಪ್ಪಸದ ಖಣ ನೇಯುವ ಹೆಣ್ಣುಮಗಳು. ಮಾತು ಕಡಿಮೆ. ಆಕೆ ಒಪ್ಪಿದರೇ ಇಲ್ಲವೇ ಎಂಬುದು ನಮಗೆ ಮಧ್ಯಸ್ಥಗಾರರಿಂದಲೇ ತಿಳಿಯಬೇಕಾಯಿತು, ಮುಖದಿಂದ ತಿಳಿಯಲಿಲ್ಲ. ನಿಶ್ಚಯವಾದ ಮೇಲೆ ಬರುವ ಮೊದಲ ಗೌರಿ ಹುಣ್ಣಿಮೆಗೆ ಗಂಡಿನ ಮನೆಯವರು ಹೆಣ್ಣಿನ ಮನೆಗೆ ಸಕ್ಕರೆ ಆರತಿ ತರುವುದು ನಮ್ಮ ಕಡೆಯ ಪದ್ಧತಿ. ಅಚ್ಚಿನಲ್ಲಿ ಎರೆದ ಸಕ್ಕರೆಯ ಆನೆ, ಒಂಟೆ, ಗಿಳಿ, ನವಿಲು, ಗೊಂಬೆಗಳನ್ನು ದೊಡ್ಡ ತಟ್ಟೆಯಲ್ಲಿ ತಂದು, ಹುಡುಗಿಗೆ ಸೀರೆ ಉಡಿಸಿ, ತಲೆಗೆ ಹೂವಿನ ದಂಡಿ ಕಟ್ಟಿ, ಉಡಿ ತುಂಬುತ್ತಾರೆ. ಸಂಜೆಗೆ ಹುಡುಗಿ ಅದೇ ತಟ್ಟೆಯಲ್ಲಿ ದೀಪ ಹಚ್ಚಿಕೊಂಡು ಓಣಿಯ ಹುಡುಗಿಯರ ಜೊತೆ ಹೋಗಿ ಗೌರಿಗೆ ಬೆಳಗಿ ಬರುತ್ತಾಳೆ. ಹೆಣ್ಣಿನ ಬಾಳಿನಲ್ಲಿ ಇದು ಒಂದೇ ಸಲ ಬರುವ ಹುಣ್ಣಿಮೆ. ಆ ದಿನ ಏನಾದರೂ ತಪ್ಪಿತೆಂದರೆ ಅದು ಮೊಮ್ಮಕ್ಕಳ ಕಾಲದವರೆಗೂ ಮಾತಿಗೆ ಸಿಗುತ್ತದೆ.

ಇನ್ನು ನನ್ನ ವಿಷಯ. ಕಾಲೇಜಿನಲ್ಲಿ ರಾಜ್ಯೋತ್ಸವದ ದಿನ ನಾಲ್ಕು ಮಾತು ಆಡುವಂತೆ ನನಗೆ ಹೇಳಿದ್ದರು. ಹಲಗೆಯ ಮೇಲೆ ಬರೆಯುವವನಿಗೆ ಮೈಕು ಸಿಗುವುದು ಅಪರೂಪ, ಹಾಗಾಗಿ ನವೆಂಬರ್ ಒಂದರ ಬೆನ್ನು ಹತ್ತಿದೆ. ಭಾಷೆಯ ಪ್ರಕಾರ ರಾಜ್ಯಗಳಾದದ್ದು ಆ ದಿನ, ನಮ್ಮ ನಾಡಿಗೆ ಕರ್ನಾಟಕ ಎಂಬ ಹೆಸರು ಬಂದದ್ದೂ ಇನ್ನೊಂದು ವರ್ಷದ ಅದೇ ದಿನ. ಇವು ಎಲ್ಲರಿಗೂ ಗೊತ್ತಿರುವಂಥವು. ರೋಮಿನ ಪ್ರಾರ್ಥನಾಮಂದಿರವೊಂದರ ಚಿತ್ರ ತುಂಬಿದ ಚಾವಣಿಯನ್ನು ಜನ ಮೊಟ್ಟಮೊದಲು ತಲೆಯೆತ್ತಿ ನೋಡಿದ್ದೂ ನವೆಂಬರ್ ಒಂದು, ಪೋರ್ಚುಗಲ್ಲಿನ ರಾಜಧಾನಿ ಭೂಕಂಪಕ್ಕೆ ಉರುಳಿದ್ದೂ ನವೆಂಬರ್ ಒಂದು. ಹೀಗೆ ಹುಡುಕುತ್ತಾ ಹೋದವನಿಗೆ ನಮ್ಮ ಬಾದಾಮಿಯೇ ಎದುರಾಯಿತು. ಅಲ್ಲಿನ ಮೂರನೆಯ ಗುಹೆಯ ಶಾಸನ, ಶಕ ಐದುನೂರರ ಕಾರ್ತಿಕ ಹುಣ್ಣಿಮೆಯ ದಿನದ್ದು. ಅದನ್ನು ಈಗಿನ ತಾರೀಖಿಗೆ ಇಳಿಸಿದರೆ ನವೆಂಬರ್ ಒಂದು ಎಂದು ಒಂದು ಕಡೆ ಓದಿದೆ. ಲೆಕ್ಕ ಹಾಕುವವರು ಒಂದು ದಿನ ಆಚೀಚೆ ಹೇಳಿದರೂ ಹೇಳಬಹುದು, ನಾನು ಆ ಗೋಜಿಗೆ ಹೋಗಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು.

ಅವತ್ತು ರವಿವಾರ, ಮಧ್ಯಾಹ್ನ. ನಾನು ಕುರ್ಚಿಯಲ್ಲಿದ್ದೆ, ಆದರೆ ಇದ್ದದ್ದು ಬಾದಾಮಿಯಲ್ಲಿ. ಕಲ್ಲಿನ ಪುಡಿಯನ್ನು ಇನ್ನೂ ಗುಡಿಸಿ ಮುಗಿಸಿಲ್ಲ. ಚಾವಣಿಯ ಬಣ್ಣ ಹಸಿಯಾಗಿದೆ. ಅರಸು ಮನೆತನದವರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬರುತ್ತಿದ್ದಾರೆ, ಮಂಗಗಳು ಆಗಲೂ ಇವೆ, ಅರಸು ಮನೆತನದವರೆಂದು ಅವೇನೂ ದಾರಿ ಬಿಡುತ್ತಿಲ್ಲ. ಕೆಳಗೆ ಹೊಂಡದ ಮೇಲೆ ಕಾರ್ತಿಕದ ಚಂದ್ರ ಕೆಂಪಗೆ ಮೇಲೇಳುತ್ತಿದ್ದಾನೆ. ಅದೇ ನಿಮಿಷಕ್ಕೆ, ಒಂಬತ್ತುನೂರು ಚಿಲ್ಲರೆ ವರ್ಷದ ಆಚೆ, ರೋಮಿನಲ್ಲಿ ಯಾರೋ ಕತ್ತು ನೋಯುವಂತೆ ಇನ್ನೊಂದು ಚಾವಣಿಯನ್ನು ನೋಡುತ್ತಿದ್ದಾರೆ. ನನ್ನ ಮೈ ಜುಮ್ಮೆಂದಿತು. ಆಗ ಫೋನು ಬಂತು.

ನೀಲಮ್ಮನವರು. ಬೀಗತಿ ತಾವಾಗಿ ಮಾಡಿದ ಮೊದಲ ಫೋನು. ಆರತಿ ತರುವುದಿತ್ತು, ಬೀಗರು ತಾರೀಖಿನಲ್ಲಿ ಭಾಳ ತಿಳಿದವರು ಎಂದು ಮಗ ಹೇಳಿದ್ದಾನೆ, ಆದ್ದರಿಂದ ನಿಮ್ಮನ್ನೇ ಒಂದು ಮಾತು ಕೇಳೋಣವೆಂದು ಮಾಡಿದೆ, ಗೌರಿ ಹುಣ್ಣಿಮೆ ಯಾವತ್ತು ಬರುತ್ತದೆ ಎಂದರು. ನಮ್ಮ ಕಡೆ ಕಾರ್ತಿಕ ಹುಣ್ಣಿಮೆಗೇ ಗೌರಿ ಹುಣ್ಣಿಮೆ ಎನ್ನುತ್ತಾರೆ. ನಾನು ಆ ಹೊತ್ತಿಗೆ ಆ ಹುಣ್ಣಿಮೆಯ ಬೆಳಕಿನಲ್ಲೇ ನಿಂತಿದ್ದೆನಲ್ಲ, ಒಂದು ಕ್ಷಣವೂ ಯೋಚಿಸದೆ ನವೆಂಬರ್ ಒಂದು ಎಂದುಬಿಟ್ಟೆ. ಅವರು, ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಬೇರೆ ದಿನ ತೋರಿಸುತ್ತದಲ್ಲ ಎಂದು ಮೆಲ್ಲಗೆ ಅಂದರು. ಆಗ ನಾನು ಆಡಿದ ಮಾತು ಈಗ ಗುಳೇದಗುಡ್ಡದ ಎರಡು ಓಣಿಗಳಲ್ಲಿ ಪ್ರಸಿದ್ಧವಾಗಿದೆ.

"ಕ್ಯಾಲೆಂಡರ್ ಬಿಡ್ರಿ ಬೀಗತಿ. ಇದು ಕಲ್ಲಾಗ ಕೆತ್ತೈತಿ."

ಹೌದೇನು, ಹಾಗಾದರೆ ಆಯಿತು ಎಂದು ಅವರು ಫೋನಿಟ್ಟರು. ನಾನು ಮತ್ತೆ ಬಾದಾಮಿಗೆ ಹೋದೆ. ಫೋನು ಬಂದ ವಿಷಯ ಗಿರಿಜಾಗೆ ಹೇಳಬೇಕೆಂಬುದು ಸಂಜೆಗೆ ನೆನಪಾಗಿತ್ತು, ಆದರೆ ಆಗ ಅವಳು ಹಿಟ್ಟಿನ ಗಿರಣಿಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ನಾನು ಪೋರ್ಚುಗಲ್ಲಿನಲ್ಲಿದ್ದೆ.

ನವೆಂಬರ್ ಒಂದು ಬಂತು. ಕಾಲೇಜಿನಲ್ಲಿ ಧ್ವಜಾರೋಹಣವಾಗಿ, ನಾಡಗೀತೆಯಾಗಿ, ನನ್ನ ಸರದಿ ಬಂತು. ನಾಲ್ಕು ಮಾತು ಎಂದಿದ್ದರು, ಮಾತುಗಳೇನೋ ನಾಲ್ಕೇ, ಆದರೆ ಒಂದೊಂದೂ ಉದ್ದವಾಗಿದ್ದವು. ಬಾದಾಮಿಯ ಮೆಟ್ಟಿಲುಗಳನ್ನು ಹುಡುಗರಿಂದ ಒಂದೊಂದಾಗಿ ಹತ್ತಿಸಿದೆ. ಕೆಲವರು ಹತ್ತುವ ದಾರಿಯಲ್ಲೇ ಕಣ್ಣು ಮುಚ್ಚಿದರು. ಜೇಬಿನಲ್ಲಿದ್ದ ಫೋನು ಎದೆಯ ಮೇಲೆ ಗುಂಯ್‌ಗುಡುತ್ತಲೇ ಇತ್ತು. ಹೃದಯ ತುಂಬಿ ಬಂದಾಗ ಹೀಗೂ ಆಗುತ್ತದೆಯೇನೋ ಎಂದುಕೊಂಡು ಮಾತು ಮುಂದುವರಿಸಿದೆ. ಕೆಳಗಿಳಿದು ಬಂದಾಗ ನದಾಫ್ ಸಾಹೇಬರು ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಗಿರಿಜಾ ಅವರಿಗೂ ಮಾಡಿದ್ದಳು. ಅವಳ ದನಿ ಎಷ್ಟು ಮೆದುವಾಗಿತ್ತೆಂದರೆ ನನಗೆ ಕೂಡಲೇ ಹೆದರಿಕೆಯಾಯಿತು. ಬೀಗರು ಬಂದಿದ್ದಾರೆ, ಆರತಿ ತಂದಿದ್ದಾರೆ, ಹುಣ್ಣಿಮೆ ಇವತ್ತೇ ಎಂದು ನೀವೇ ಹೇಳಿದಿರಂತೆ, ಬನ್ನಿ ಎಂದಷ್ಟೇ ಹೇಳಿದಳು. ಗಡಿಯಾರ ನೋಡಿದೆ, ಕ್ಯಾಲೆಂಡರ್ ನೋಡಿದೆ. ಹುಣ್ಣಿಮೆಗೆ ಇನ್ನೂ ಮೂರ್ನಾಲ್ಕು ದಿನವಿತ್ತು. ಎಂಥ ಚಂದದ ಶಾಸನವಾದರೇನು, ಚಂದ್ರ ಅದನ್ನು ಓದಿರಲಿಲ್ಲ.

ಹುನಗುಂದದಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಷ್ಟರಲ್ಲಿ ಮನೆಯಲ್ಲಿ ನಡೆದದ್ದನ್ನು ನನಗೆ ಆಮೇಲೆ ಹಲವು ಸಲ ಹೇಳಿದ್ದಾರೆ, ಈಗ ಕಣ್ಣಾರೆ ಕಂಡ ಹಾಗೆ ಆಗಿದೆ. ನೀಲಮ್ಮನವರು, ಅವರ ಗಂಡನ ಅಣ್ಣನ ಹೆಂಡತಿಯಾದ ಹಿರಿಯ ನೆಗೆಣ್ಣಿ ಮತ್ತು ಇನ್ನಿಬ್ಬರು ಹೆಣ್ಣುಮಕ್ಕಳು ಬಾಡಿಗೆ ಗಾಡಿಯಲ್ಲಿ ಬಂದಿಳಿದರು. ಕಮತಗಿ, ಅಮೀನಗಡ ದಾಟಿ ಅಷ್ಟು ದೂರ ಆ ಸಕ್ಕರೆ ಗೊಂಬೆಗಳ ತಟ್ಟೆಯನ್ನು ನೀಲಮ್ಮ ತೊಡೆಯಿಂದ ಕೆಳಗಿಡದೆ ತಂದಿದ್ದರಂತೆ, ರಸ್ತೆಯ ಗುಂಡಿ ಬಂದಾಗಲೆಲ್ಲ ತಾವೇ ಸೀಟಿನಿಂದ ಎದ್ದು ನಿಲ್ಲುತ್ತಿದ್ದರಂತೆ. ಬಾಗಿಲಲ್ಲಿ ಗಿರಿಜಾ ಹಳೆಯ ಸೀರೆಯಲ್ಲಿದ್ದಳು, ಕೈಗೆ ಹಿಟ್ಟು ಮೆತ್ತಿತ್ತು. ಒಳಗೆ ಅಕ್ಷತಾ ರಾತ್ರಿ ಪಾಳಿ ಮುಗಿಸಿ ಬೆಳಗಿನ ಬಸ್ಸಿಗೆ ಬಂದವಳು ಮುಸುಕು ಹಾಕಿ ಮಲಗಿದ್ದಳು. ಒಲೆಯ ಮೇಲೆ ಹೋಳಿಗೆಯ ಹೂರಣವಿಲ್ಲ, ಬದನೆಕಾಯಿ ಪಲ್ಯ. ಗಿರಿಜಾ ಏನೂ ಆಗದವಳಂತೆ ಬರ್ರಿ ಬರ್ರಿ ಎಂದು ಕೈಕಾಲಿಗೆ ನೀರು ಕೊಟ್ಟಳು. ಆದರೆ ಒಲೆಯನ್ನು ಮುಚ್ಚಿಡಲು ಆಗುತ್ತದೆಯೇ? ನೆಗೆಣ್ಣಿ ಪಲ್ಯವನ್ನು ನೋಡಿದರು, ಮಲಗಿದ್ದ ಹುಡುಗಿಯನ್ನು ನೋಡಿದರು, ಆಮೇಲೆ ನೀಲಮ್ಮನನ್ನು ನೋಡಿದರು. ಈ ಮನೆಯವರಿಗೆ ನಾವು ಬರುವುದು ಬೇಕಿರಲಿಲ್ಲವೇನೋ ಎಂದು ಗಿರಿಜಾಗೆ ಕೇಳುವಷ್ಟೇ ಮೆಲ್ಲಗೆ ಅಂದರು.

ನಾನು ಹೋಗುವ ಹೊತ್ತಿಗೆ ಸಕ್ಕರೆಯ ತಟ್ಟೆ ನಡುಮನೆಯಲ್ಲಿ ಚಾಪೆಯ ಮೇಲಿತ್ತು. ಎಲ್ಲರೂ ಅದರ ಸುತ್ತ ಕೂತಿದ್ದರು. ಬಿಳಿಯ ಆನೆ, ಗುಲಾಬಿ ಒಂಟೆ, ಹಸಿರು ಗಿಳಿ. ಒಂದು ಕ್ಷಣ, ದೇವರಾಣೆಗೂ, ಒಂದೇ ಒಂದು ಕ್ಷಣ, ಆ ಒಂಟೆ ಯಾವ ಮರುಭೂಮಿಯಿಂದ ನಡೆದು ಬಂತೋ ಎಂದು ನನ್ನ ಮನಸ್ಸು ಹೊರಟೇಬಿಟ್ಟಿತ್ತು. ಗಿರಿಜಾಳ ಕಣ್ಣು ಅದನ್ನು ಹಿಡಿದು ವಾಪಸು ತಂದಿತು. ಹುಣ್ಣಿಮೆಯಲ್ಲದ ದಿನದ ಆರತಿ ಒಳ್ಳೆಯದಲ್ಲ, ಹೊಸ್ತಿಲು ದಾಟಿ ಒಳಗೆ ಬಂದ ಸಕ್ಕರೆಯನ್ನು ವಾಪಸು ಒಯ್ಯುವುದು ಇನ್ನೂ ಕೆಟ್ಟದ್ದು ಎಂದು ನೆಗೆಣ್ಣಿ ಹೇಳಿದ್ದರಂತೆ. ಮದುವೆಗೆ ಮೊದಲೇ ಹೀಗಾದರೆ ಮುಂದೇನು ಎಂಬ ಮಾತೂ ಬಂದು ಹೋಗಿತ್ತಂತೆ. ಆ ಮಾತು ಇನ್ನೂ ಕೋಣೆಯಲ್ಲೇ ಇತ್ತು. ಒಂದು ತಾರೀಖಿನ ಹುಚ್ಚಿಗೆ ಮಗಳ ಸಂಬಂಧ ಮುರಿದು ಬೀಳುವುದಾದರೆ ನಾನು ಇನ್ನು ಯಾವ ಮುಖ ಹೊತ್ತು ಈ ಮನೆಯಲ್ಲಿರಲಿ ಅನ್ನಿಸಿತು.

ನೀಲಮ್ಮನವರು ತಲೆ ಎತ್ತಿದರು. "ಬೀಗರ, ಇವತ್ತ ಹುಣ್ಣಿಮಿ ಹೌದಲ್ರಿ?"

ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳಲು ಬಾಯಿಲ್ಲ. ಕೊನೆಗೆ ಎರಡೂ ಅಲ್ಲದ್ದೊಂದು ಹೊರಗೆ ಬಂತು. "ಹೌದ್ರಿ. ಆದ್ರ ಅದು ಸಾವಿರದ ನಾನೂರು ವರ್ಷದ ಹಿಂದಿಂದು."

ಯಾರೂ ನಗಲಿಲ್ಲ. ನಾನು ಬಾದಾಮಿಯ ಗುಹೆ, ಶಕ ಐದುನೂರು, ಅವತ್ತಿನ ಚಂದ್ರ, ಈಗಿನ ತಾರೀಖು ಎಂದು ತೊದಲುತ್ತಾ ವಿವರಿಸಿದೆ. ಬೆಳಿಗ್ಗೆ ಮೈಕಿನ ಮುಂದೆ ಅಷ್ಟು ಚೆನ್ನಾಗಿ ಕೇಳಿಸಿದ ಮಾತುಗಳು ಈಗ ಬಾಯೊಳಗೇ ತಡವರಿಸುತ್ತಿದ್ದವು. ತಪ್ಪು ಪೂರ್ತಿ ನನ್ನದು, ಗಿರಿಜಾಗೆ ನಿಮ್ಮ ಫೋನಿನ ವಿಷಯವೇ ಗೊತ್ತಿರಲಿಲ್ಲ, ಹುಡುಗಿಗಂತೂ ಮೊದಲೇ ಗೊತ್ತಿಲ್ಲ ಎಂದೆ. ನೆಗೆಣ್ಣಿ, ಗಂಡಸರು ಪಂಚಾಂಗಕ್ಕೆ ಕೈ ಹಾಕಬಾರದು ಎಂದರು. ನೀಲಮ್ಮನವರು ನನ್ನನ್ನೇ ನೋಡುತ್ತಿದ್ದರು, ಎಂದಿನ ಹಾಗೆ ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ.

ಆಗ ಅಕ್ಷತಾ ಹೊರಗೆ ಬಂದಳು. ಮುಖ ತೊಳೆದು, ಅವ್ವನ ಸೀರೆ ಉಟ್ಟಿದ್ದಳು, ಕಣ್ಣಲ್ಲಿ ಇನ್ನೂ ನಿದ್ದೆಯಿತ್ತು. ನೇರ ಬಂದು ನೀಲಮ್ಮನವರ ಕಾಲು ಮುಟ್ಟಿ, ಎದುರಿಗೇ ಕೂತಳು.

"ಅತ್ತಿ, ಹುಣ್ಣಿಮಿ ದಿವಸ ನಂಗ ಡ್ಯೂಟಿ ಐತ್ರಿ. ರಜಾ ಕೇಳಿದ್ದೆ, ಕೊಡ್ಲಿಲ್ಲ. ನಿಮಗ ಹೆಂಗ ಹೇಳೂದಂತ ತಿಳೀಲಾರದ ವಾರ ಆತು, ನಿದ್ದಿ ಹತ್ತವಲ್ದು."

ಇದು ನನಗೂ ಗೊತ್ತಿರಲಿಲ್ಲ, ಗಿರಿಜಾಗೂ ಗೊತ್ತಿರಲಿಲ್ಲ. ಹೇಳಿದರೆ, ಹುಡುಗಿಗೆ ನೌಕರಿಯೇ ದೊಡ್ಡದು ಎಂದು ಅತ್ತೆಮನೆಯವರು ತಿಳಿದಾರು ಎಂದು ಅಂಜಿ ಸುಮ್ಮನಿದ್ದಳಂತೆ. ನನ್ನ ಮಗಳು ದಿನವೂ ಎಷ್ಟೋ ಜನರ ರಕ್ತ ತೆಗೆಯುವವಳು, ಸೂಜಿ ಹಿಡಿದರೆ ಕೈ ನಡುಗುವುದಿಲ್ಲ ಎಂದು ಅವಳ ಗೆಳತಿಯರು ಹೇಳುತ್ತಾರೆ. ಆಗ ಅದೇ ಕೈ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬಿಚ್ಚುತ್ತಿತ್ತು. ಯಾವ ದೇಶದಲ್ಲಿ ಯಾವತ್ತು ಯಾರು ತೀರಿಕೊಂಡರೆಂದು ಬಲ್ಲ ನನಗೆ, ಪಕ್ಕದ ಕೋಣೆಯ ಹುಡುಗಿಗೆ ಒಂದು ವಾರದಿಂದ ನಿದ್ದೆಯಿಲ್ಲ ಎಂಬುದು ತಿಳಿದಿರಲಿಲ್ಲ.

ಆಗ ನೀಲಮ್ಮನವರು ಮಾತಾಡಿದ್ದು ನಾನು ಅದುವರೆಗೆ ಅವರ ಬಾಯಿಂದ ಕೇಳಿದ್ದರಲ್ಲೇ ಎಲ್ಲಕ್ಕಿಂತ ಉದ್ದದ ಮಾತು. "ಹುಣ್ಣಿಮಿ ಇವತ್ತಲ್ಲ ಅನ್ನೂದು ನಂಗ ಗೊತ್ತಿತ್ತವ್ವಾ. ದಿನಾ ಅಂಗಳದಾಗ ಚಂದ್ರನ್ನ ನೋಡಾಕಿ ನಾ. ನಿಮ್ಮಪ್ಪಾರು ಮದಲನೇ ಸಲ ಒಂದು ಮಾತು ಹೇಳ್ಯಾರ, ಅದನ್ನ ತಗದ ಹಾಕಿದ್ರ ಚಲೋ ಅಲ್ಲ, ಏನರ ಕಾರಣ ಇದ್ದೀತು ಅಂತ ಬಂದೆ. ಈಗ ಕಾರಣ ಸಿಕ್ಕತು." ಹಾಗೆಂದು ನೆಗೆಣ್ಣಿಯ ಕಡೆ ತಿರುಗಿ, ಹುಡುಗಿ ಮನೆಯಲ್ಲಿರುವ ದಿನವೇ ಬಂದದ್ದು ನೆಟ್ಟಗಾಯಿತಲ್ಲ ಅಕ್ಕಾ, ಹುಣ್ಣಿಮೆಗೆ ಬಂದಿದ್ದರೆ ಯಾರಿಗೆ ಸೀರೆ ಉಡಿಸುತ್ತಿದ್ದೆವು ಎಂದು ಕೇಳಿದರು. ಗಿರಿಜಾ ಒಳಗೆ ಹೋಗಿ ಪಲ್ಯದ ಉರಿ ಆರಿಸಿ ಬೇಳೆ ನೆನೆಹಾಕಿದಳು. ಒಳಗೆ ಅವಳು ಒಂದು ಸಲ ಜೋರಾಗಿ ಮೂಗು ಒರೆಸಿಕೊಂಡದ್ದು ಹೊರಗೆ ಎಲ್ಲರಿಗೂ ಕೇಳಿಸಿತು.

ಮಧ್ಯಾಹ್ನ ಸೀರೆ ಉಡಿಸಿದರು. ಇಳಕಲ್ಲಿನವರಿಗೆ ಇಳಕಲ್ ಸೀರೆ ತರುವುದು ಹೇಗೆಂದು ನೀಲಮ್ಮನವರು ತಾವೇ ನೇಯ್ದ ಖಣದ ಕುಪ್ಪಸ ತಂದು, ಸೀರೆಯನ್ನು ನಮ್ಮೂರಲ್ಲೇ ಕೊಂಡರು. ಅಕ್ಷತಾಳ ತಲೆಗೆ ಹೂವಿನ ದಂಡಿ ಕಟ್ಟಿದಾಗ ನನ್ನ ಮಗಳು ಯಾರದೋ ಮಗಳ ಹಾಗೆ ಕಂಡಳು. ಉಡಿ ತುಂಬಿದ್ದಾಯಿತು, ಹೋಳಿಗೆಯೂ ಆಯಿತು. ನಾಲ್ಕು ಗಂಟೆಗೆ ಅಂಗಳಕ್ಕೆ ಬಂದರೆ ಮೂಡಣದಲ್ಲಿ ಹಗಲು ಚಂದ್ರ ಬಿಳಿಚಿಕೊಂಡು ನಿಂತಿದ್ದ, ಒಂದು ಬದಿ ಇನ್ನೂ ತುಂಬಿರಲಿಲ್ಲ. ನೀಲಮ್ಮ ಅವನನ್ನು ನೋಡಿ, ಇವನಿನ್ನೂ ಬೇಯಬೇಕು ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನೆಗೆಣ್ಣಿ ಪಟ್ಟು ಬಿಡುವ ಹೆಣ್ಣುಮಗಳಲ್ಲ. ಸೀರೆ ಉಡಿಸಿದ್ದು ಸರಿ, ದಂಡಿ ಕಟ್ಟಿದ್ದು ಸರಿ, ಆದರೆ ಸಕ್ಕರೆ ಆರತಿ ಹುಣ್ಣಿಮೆಯ ಚಂದ್ರನ ಕೆಳಗೇ ಗೌರಿಗೆ ಬೆಳಗಬೇಕು, ಹುಡುಗಿ ದವಾಖಾನೆಯಲ್ಲಿದ್ದರೆ ಅದನ್ನು ಹಿಡಿದುಕೊಂಡು ಹೋಗುವವರು ಯಾರು ಎಂದು ಕೇಳಿದರು. ಗಿರಿಜಾ ಹೋಗಬಹುದೇ ಎಂದರೆ, ತಾಯಿ ಹಿಡಿಯುವ ಪದ್ಧತಿ ಇಲ್ಲವಂತೆ. ಹಾಗಾದರೆ ತಂದೆ ಹಿಡಿಯುವ ಪದ್ಧತಿ ಇದೆಯೇ ಎಂದು ನಾನು ಕೇಳಬೇಕಿತ್ತು, ಕೇಳುವ ಧೈರ್ಯ ಆಗಲಿಲ್ಲ. ಏಕೆಂದರೆ ಗಾಡಿ ಹತ್ತುವ ಮುಂಚೆ ನೀಲಮ್ಮನವರು ತಟ್ಟೆಯನ್ನು ತಂದು ನನ್ನ ಎರಡೂ ಕೈಗೆ ಕೊಟ್ಟು, ಇದನ್ನು ತರಿಸಿದವರು ನೀವು, ಗೌರಿಗೆ ಮುಟ್ಟಿಸುವವರೂ ನೀವೇ ಎಂದಿದ್ದರು. ಆ ಮುಖದಲ್ಲಿ ನಗೆ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಆ ಸಕ್ಕರೆಯನ್ನು ಕಾಯ್ದ ರೀತಿಯನ್ನು ನೋಡಿದ್ದರೆ ಚಾಲುಕ್ಯರ ದ್ವಾರಪಾಲಕರೂ ಮೆಚ್ಚುತ್ತಿದ್ದರು. ತಟ್ಟೆಯನ್ನು ನೀರು ತುಂಬಿದ ಪರಾತದ ನಡುವೆ ಇಟ್ಟೆ. ಇರುವೆಗಳು ಗೋಡೆ ಹತ್ತಿ ಚಾವಣಿಯಿಂದ ಇಳಿಯುವ ಯೋಚನೆ ಮಾಡಿದವು. ಸೀಮೆಸುಣ್ಣದ ಗೆರೆ ಎಳೆದೆ, ಅರಿಶಿನ ಚೆಲ್ಲಿದೆ. ರಜೆ ಹಾಕಬೇಡಿ ಎಂದು ಗಿರಿಜಾ ಗದರಿದ್ದರಿಂದ ಕಚೇರಿಗೆ ಹೋದೆ, ಆದರೆ ಮಧ್ಯಾಹ್ನ ಎರಡು ಸಲ ಫೋನು ಮಾಡಿ ಆನೆ ಹೇಗಿದೆ ಎಂದು ಕೇಳಿದೆ. ನದಾಫ್ ಸಾಹೇಬರು ಕುರ್ಚಿಯನ್ನು ಮತ್ತಷ್ಟು ಆಚೆ ಸರಿಸಿದರು. ಬೆಳಗಿನ ಬಿಸಿಲು ಕಿಟಕಿಯಿಂದ ಬಂದು ಆ ಗೊಂಬೆಗಳ ಒಳಗೆ ಇಳಿಯುತ್ತಿತ್ತು, ಆಗ ಆನೆಯ ಸೊಂಡಿಲಿನೊಳಗೆ ಒಂದು ಸಣ್ಣ ಕೆಂಪು ಬೆಳಕು ಆಡುತ್ತಿತ್ತು. ಅದನ್ನು ನೋಡುತ್ತಾ ಕೂತರೆ ಅವತ್ತಿನ ತಾರೀಖು ಯಾವುದೆಂಬುದೇ ನೆನಪಿಗೆ ಬರುತ್ತಿರಲಿಲ್ಲ. ಇಷ್ಟು ಕಾಯ್ದರೂ ಗಿಳಿಯ ಮೂಗು ಒಂದು ದಿನ ಮಾಯವಾಯಿತು. ಇರುವೆಯೆಂದು ನಾನು ಹೇಳಿದೆ. ಇರುವೆಗೆ ಮೀಸೆ ಇರುತ್ತದೆಯೇ ಎಂದು ಗಿರಿಜಾ ನನ್ನ ಮೀಸೆಯ ಮೇಲೆ ಹತ್ತಿದ್ದ ಹಸಿರು ಪುಡಿಯನ್ನು ತೋರಿಸಿದಳು.

ಹುಣ್ಣಿಮೆಯ ಸಂಜೆ ಬಿಳಿ ಧೋತರ ಉಟ್ಟು, ಹೆಗಲ ಮೇಲೆ ಶಲ್ಯ ಹಾಕಿಕೊಂಡು, ಕೈಯಲ್ಲಿ ಸಕ್ಕರೆ ಆರತಿ ಹಿಡಿದು ನಾನು ಓಣಿಗೆ ಇಳಿದೆ. ನೇಕಾರರ ಮನೆಯೊಂದರಲ್ಲಿ ಗೌರಿಯನ್ನು ಕೂಡಿಸಿದ್ದರು, ಅಲ್ಲಿಗೆ ಹೋಗುವ ಹಾದಿ ತುಂಬ ಹೊಸ ಸೀರೆಯ ಹುಡುಗಿಯರು, ಲಂಗದ ಹುಡುಗಿಯರು, ಎಲ್ಲರ ಕೈಯಲ್ಲೂ ದೀಪ ಹಚ್ಚಿದ ತಟ್ಟೆ. ಆ ಸಾಲಿನಲ್ಲಿ ಮೀಸೆಯಿದ್ದವನು ನಾನೊಬ್ಬನೇ. ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಮಾತು ನಿಲ್ಲಿಸಿದರು. ಮೊದಮೊದಲು ನೆಲ ನೋಡುತ್ತಾ ನಡೆದೆ. ನಡುವೆ ಅಕ್ಷತಾ ವೀಡಿಯೊ ಕರೆ ಮಾಡಿದಳು, ಪಕ್ಕದ ಹೆಣ್ಣುಮಗಳೊಬ್ಬಳು ನನ್ನ ಜೇಬಿನಿಂದ ಫೋನು ತೆಗೆದು ಹಿಡಿದಳು. ಬಿಳಿ ಕೋಟಿನಲ್ಲಿದ್ದ ಮಗಳು ನನ್ನನ್ನು ನೋಡಿ ನಕ್ಕಳು, ನಗುತ್ತಾ ಕಣ್ಣೊರೆಸಿಕೊಂಡು, ಅಪ್ಪಾ ತಟ್ಟೆ ಓರೆಯಾಗಿದೆ, ನೆಟ್ಟಗೆ ಹಿಡಿ ಎಂದಳು. ನೆಟ್ಟಗೆ ಹಿಡಿದೆ. ಮಗ್ಗದ ಮನೆಗಳ ಮಾಳಿಗೆಯ ಆಚೆ ಚಂದ್ರ ಎದ್ದಿದ್ದ, ದೊಡ್ಡವನು, ಪೂರ್ತಿ ತುಂಬಿದವನು. ಬಾದಾಮಿಯ ಮೆಟ್ಟಿಲುಗಳ ಮೇಲೂ ಅವತ್ತು ಯಾರೋ ಹೀಗೆ ದೀಪ ಆರದಂತೆ ಕೈ ಮರೆ ಮಾಡಿಕೊಂಡು ಹತ್ತಿರಬೇಕು, ಅವರ ಮನೆಯಲ್ಲೂ ಒಬ್ಬಳು ಮದುವೆಯ ಮಗಳು ಇದ್ದಿರಬೇಕು ಅನ್ನಿಸಿತು. ಮೆಲ್ಲಗೆ ನಡೆದೆ. ನಾಚಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಗೌರಿಯ ಮುಂದೆ ಸರದಿಗೆ ನಿಂತಾಗ ಪಕ್ಕದಲ್ಲಿದ್ದ ಒಬ್ಬ ಪುಟ್ಟ ಹುಡುಗಿ ನನ್ನ ತಟ್ಟೆಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿದಳು. ನಮ್ಮ ಓಣಿಗೆ ಹೊಸಬಳಿರಬೇಕು. ಆರತಿ ಹಿಡಿದವರ ಬಗ್ಗೆ ಕೇಳಬೇಕಾದದ್ದು ಏನೆಂದು ಅವಳಿಗೆ ದೊಡ್ಡವರನ್ನು ನೋಡಿ ಗೊತ್ತಿತ್ತು.

"ಅಜ್ಜಾ, ನಿಮ್ಮ ಗಂಡಿನ ಮನಿ ಯಾವೂರು?"

"ಗುಳೇದಗುಡ್ಡ," ಎಂದೆ. ಸುತ್ತಲಿನ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದರು. ಅವಳು ಮಾತ್ರ ನಗಲಿಲ್ಲ.

"ನಿಮ್ಮತ್ತಿ ಚಲೋ ಅದಾಳೇನು?"

"ಭಾಳ ಚಲೋ ಅದಾಳವ್ವಾ," ಎಂದೆ.